ಅಲ್ಪಾಕದೊಡನೆ ನಡೆಯಹೋಗುವ ಮುನ್ನ

ಅಲ್ಪಾಕವೆಂಬ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಹಿಂದಿನ ಕಾಲದ ವಕೀಲರು ತೊಡುತ್ತಿದ್ದ ಹೊಳಪಿನ ಕೋಟಿಗೆ ಅಲ್ಪಾಕ ಕೋಟೆಂದೇ ಹೆಸರಿತ್ತು. ಆದರೆ ಅದು ಒಂದು ಪ್ರಾಣಿಯ ಹೆಸರೆಂಬುದು ಬಹುಮಂದಿಗೆ ತಿಳಿಯದು. ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತಗಳಲ್ಲಿ, ಮುಖ್ಯವಾಗಿ ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ, ಸಾವಿರಾರು ವರುಷಗಳಿಂದ ಉಣ್ಣೆಗಾಗಿ ಸಾಕಿಕೊಂಡು ಬಂದ ಪ್ರಾಣಿಯಿದು. ಒಂಟೆಯ ಕುಲದ್ದು, ಆದರೆ ಡುಬ್ಬವಿಲ್ಲ. ಭುಜದವರೆಗೆ ಸುಮಾರು ೩ ಅಡಿ ಎತ್ತರ. ತೂಕ ೫೫ರಿಂದ ೮೫ ಕಿಲೊ. ಇಂಗ್ಲೆಂಡಿನ ಬ್ರಾಡ್‌ಫರ್ಡಿನಲ್ಲಿ ಟೈಟಸ್ ಸಾಲ್ಟ್ ಎಂಬ ಗಿರಣಿಯ ಧಣಿ ಈ ಉಣ್ಣೆಯನ್ನು ನೇಯಿಸಿ ಸಿರಿವಂತನಾದನು. ಅವನು ೧೮೫೩ರಲ್ಲಿ ಊರ ಹೊರಗೆ ತೆರೆದ ದೊಡ್ಡ ಗಿರಣಿಯ ಕಟ್ಟಡ ಇಂದಿಗೂ ನಿಂತಿದೆ.

ಈಗ ಆ ದೇಶದ ಹಲವು ರೈತರು ಅಲ್ಪಾಕದ ಸಣ್ಣ ಹಿಂಡುಗಳನ್ನು ಸಾಕುತ್ತಾರೆ. ಬರಿಯ ಉಣ್ಣೆಯಿಂದ ಹೊಟ್ಟೆ ತುಂಬದು. ಆದುದರಿಂದ ಪಟ್ಟಣದವರಿಂದ ಹಣ ಪಡೆದು, ಕೈಗೊಂದು ಹಗ್ಗ ಕೊಟ್ಟು, ಪ್ರಾಣಿಯೊಡನೆ ಒಂದು ತಾಸು ಹೊಲದ ಬದುವಿನಲ್ಲಿ ನಡೆಯಿಸುತ್ತಾರೆ. ಇದಕ್ಕೂ ನಮಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಗಡಿಭಾಗದ ಹಳ್ಳಿಗಳ ಮಕ್ಕಳೂ ಈಗ ಅಲ್ಲಿ ನೌಕರಿಗೆ ನಿಂತಿದ್ದಾರಷ್ಟೆ. ಅವರ ತಂದೆತಾಯಿಗಳು ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಹೋದಾಗ, 'ಒಕ್ಕಲಿಗರಲ್ಲವೆ, ಸಂತೋಷಪಟ್ಟಾರು' ಎಂದು ಇಂಥಲ್ಲಿಗೆ ಕರೆದೊಯ್ಯುತ್ತಾರೆ. ಕಳೆದ ವರುಷ ಶಾಲೆಯ ಬೇಸಗೆಯ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದ ನನಗೂ ಹಾಗೆಯೇ ಆಯಿತು.

ಎಲ್ಲಕ್ಕಿಂತ ಮೊದಲು ಹೇಳಬೇಕಾದುದು ಕೆರದ ಮಾತು. ನಾವು ದನದ ಕೊಟ್ಟಿಗೆಯಲ್ಲಿ ತುಳಿದಾಡಿದ ಕೆರವನ್ನೇ ಮೆಟ್ಟಿ ಅಲ್ಲಿಯ ಹೊಲಕ್ಕೆ ಇಳಿಯಕೂಡದು. ಕಾಲುಬಾಯಿ ಬೇನೆ ನಮ್ಮಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಲಸಿಕೆ ಹಾಕಿಸುತ್ತೇವೆ, ಕೆಲವು ಎತ್ತುಗಳು ಕುಂಟುತ್ತವೆ, ಹಾಲು ಇಳಿಯುತ್ತದೆ, ಹೇಗೋ ದಾಟುತ್ತೇವೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಆ ಬೇನೆಯನ್ನು ನಿರ್ಮೂಲ ಮಾಡಿದ್ದಾರೆ; ಎಲ್ಲಿಯಾದರೂ ಕಾಣಿಸಿತೆಂದರೆ ಹಿಂಡಿಗೆ ಹಿಂಡನ್ನೇ ಕೊಲ್ಲುತ್ತಾರೆ. ೨೦೦೧ರಲ್ಲಿ ಹಾಗೆ ಅರವತ್ತು ಲಕ್ಷಕ್ಕೂ ಮೇಲ್ಪಟ್ಟು ದನ, ಕುರಿ, ಹಂದಿಗಳನ್ನು ಕೊಂದುಹಾಕಿದರು. ಸರಿಯಾಗಿ ಕುದಿಸದ ಎಂಜಲನ್ನು ಒಬ್ಬ ರೈತ ಹಂದಿಗಳಿಗೆ ಹಾಕಿದ್ದರಿಂದ ಅದು ಆರಂಭವಾಗಿರಬೇಕೆಂದು ತನಿಖೆಯಲ್ಲಿ ಕಂಡುಬಂದಿತು. ಇದರ ವಿಷಾಣು ಸೆಗಣಿ ಮೆತ್ತಿದ ಕೆರಕ್ಕೆ, ಬಟ್ಟೆಗೆ ಅಂಟಿಕೊಂಡು ಹೋಗಬಲ್ಲದು. ಆದುದರಿಂದ ಅಲ್ಲಿಯೇ ಒಂದು ಜೊತೆ ರಬ್ಬರಿನ ಬೂಟು ಕೊಂಡುಕೊಳ್ಳಿರಿ, ಇಲ್ಲವೆ ಮಕ್ಕಳ ಬೂಟು ತೊಡಿರಿ. ಹೊಲದ ಬಾಗಿಲಲ್ಲಿ ಔಷಧಿಯ ನೀರು ಇಟ್ಟಿದ್ದರೆ ಅದರಲ್ಲಿ ಕಾಲು ಅದ್ದಿಯೇ ಮುಂದೆ ಹೋಗಿರಿ. ಇದೇ ಕಾರಣಕ್ಕಾಗಿ ನಮ್ಮ ದೇಶದಿಂದ ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಅಲ್ಲಿಗೆ ಒಯ್ಯುವಂತಿಲ್ಲ. ಮಗಳಿಗೆಂದು ಪೇಢೆ, ಖವೆ ಕಟ್ಟಿಕೊಂಡು ಹೋದರೆ ವಿಮಾನ ನಿಲ್ದಾಣದಲ್ಲಿಯೇ ಬಿಟ್ಟು ಬರಬೇಕಾದೀತು. ಶೇಂಗಾ ಹೋಳಿಗೆ ಮಾಡುವಾಗಲೂ ತುಪ್ಪದ ವಿಚಾರ ನೆನಪಿರಲಿ.

ಇನ್ನು ಹಗ್ಗ. ಇಲ್ಲಿ ತಪ್ಪಿದವನು ನಾನೇ. ಎತ್ತು ಹೊಡೆದ ಕೈಯಲ್ಲವೆ, ಕೊಟ್ಟ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡೆನು. ಹಿಂಡಿನ ಒಡತಿ ಓಡಿ ಬಂದು ಏನನ್ನೋ ಹೇಳಿದಳು. ತಂಗಿಯ ಮಗಳು, 'ಮಾಮಾ, ಕೈಗೆ ಸುತ್ತಬ್ಯಾಡ್ರಿ ಅಂತಾರ, ಅದು ಬೆದರಿ ಓಡಿದ್ರ ಕೈ ಮುರೀತದಂತ' ಎಂದಳು. ಮಾತು ನಿಜ. ಹಗ್ಗವನ್ನು ಮಡಿಕೆ ಮಾಡಿ ಅಂಗೈಯಲ್ಲಿ ಹಿಡಿಯಬೇಕು, ಸುತ್ತಬಾರದು. ಎಳೆದು ದರದರನೆ ನಡೆಯಿಸುವುದೂ ಸಲ್ಲದು. ಅಲ್ಪಾಕಕ್ಕೆ ಮೂಗುದಾರವಿಲ್ಲ, ಮುಖಕ್ಕೆ ಪಟ್ಟಿ ಕಟ್ಟಿರುತ್ತಾರೆ. ಇದರ ಮೂಗಿನ ಎಲುಬು ಗಿಡ್ಡ. ಉಸಿರಾಟ ಬಹುತೇಕ ಮೂಗಿನಿಂದಲೇ. ಪಟ್ಟಿ ಎಲುಬಿನಿಂದ ಕೆಳಗೆ ಜಾರಿ ಮೆತ್ತನೆಯ ಭಾಗದ ಮೇಲೆ ಬಿಗಿದರೆ ಉಸಿರು ಕಟ್ಟಿ ಒದ್ದಾಡುತ್ತದೆ. ಅಂಥದು ಕಂಡರೆ ಹಗ್ಗ ಸಡಿಲಿಸಿ ಒಡೆಯರನ್ನು ಕರೆಯಬೇಕು.

ಅದರ ಸ್ವಭಾವ ನಮ್ಮ ಕುರಿಗಳದೇ. ಹಿಂಡು ಬಿಟ್ಟು ಒಂಟಿಯಾದರೆ ಗಾಬರಿಗೊಳ್ಳುತ್ತದೆ, ಹೂಂ ಹೂಂ ಎಂದು ಸಣ್ಣಗೆ ಗುನುಗುತ್ತದೆ. ಮುಂದಿನದು ನಿಂತರೆ ಹಿಂದಿನದೂ ನಿಂತಿತು. ಆಗ ನಾವೂ ನಿಲ್ಲುವುದೇ. ಹಿಂದಿನಿಂದ ಬಂದು ಮುಟ್ಟಬಾರದು, ಒದೆಯಬಲ್ಲದು. ತಲೆ ಸವರುವುದು ಅದಕ್ಕೆ ಸೇರದು. ಮಕ್ಕಳನ್ನು ಕರೆದೊಯ್ದವರು ಇದನ್ನು ಮೊದಲೇ ಹೇಳಿಡಬೇಕು. ಒಡೆಯರು ಒಪ್ಪಿದರೆ ಕುತ್ತಿಗೆಯ ಬದಿಯನ್ನು ಮೆಲ್ಲಗೆ ಸವರಬಹುದು. ನಾಯಿಯನ್ನು ಜೊತೆಗೆ ಒಯ್ಯಲೇಬಾರದು.

ಉಗುಳುವ ಸಂಗತಿಯನ್ನು ಕೇಳಿದವರಿಗೆ ಅದೊಂದೇ ಅಂಜಿಕೆ. ಅವು ಸಾಮಾನ್ಯವಾಗಿ ಉಗುಳುವುದು ತಮ್ಮತಮ್ಮಲ್ಲಿ, ಅದೂ ಮೇವಿನ ಜಗಳದಲ್ಲಿ. ನಡುವೆ ನಿಂತವನ ಮೇಲೆ ಬಿದ್ದರೆ ಅವನ ದೈವ! ಕಿವಿ ಹಿಂದಕ್ಕೆ ಮಲಗಿಸಿ ಗದ್ದವನ್ನು ಮೇಲಕ್ಕೆತ್ತಿತೆಂದರೆ ಸರಿದು ನಿಲ್ಲಿರಿ. ಬರುವುದು ಬರಿಯ ಎಂಜಲಲ್ಲ, ಹೊಟ್ಟೆಯೊಳಗಿನ ಮೆಲುಕಿನ ಹಸಿರು. ನಾತ ಬಟ್ಟೆ ಒಗೆದರೂ ಬೇಗ ಹೋಗದು.

ನಮ್ಮ ಅಂಗಳದಲ್ಲಿ ಕರುವಿಗೆ ರೊಟ್ಟಿ ತಿನ್ನಿಸುವಂತೆ ಅಲ್ಲಿ ಚೀಲದಿಂದ ಏನನ್ನೂ ತೆಗೆದು ತಿನ್ನಿಸಕೂಡದು. ದಾರಿಯ ಬೇಲಿಯಿಂದ ಎಲೆ ಕಿತ್ತು ಕೊಡುವುದು ಇನ್ನೂ ಅಪಾಯ. ಆ ಕಡೆಯ ತೋಟಗಳಲ್ಲಿ ಚೆಂದಕ್ಕೆಂದು ಬೆಳೆಯಿಸುವ ರೊಡೊಡೆಂಡ್ರಾನ್ ಮತ್ತು ಯೂ ಗಿಡಗಳ ಎಲೆ ಅಲ್ಪಾಕಕ್ಕೆ ವಿಷ. ಯೂ ಎಲೆಯನ್ನು ಸ್ವಲ್ಪವೇ ತಿಂದರೂ ಸಾಯಬಹುದು. ಒಡೆಯರು ಕೊಟ್ಟ ಕಾಳನ್ನಷ್ಟೇ ಅಂಗೈ ಚಪ್ಪಟೆ ಮಾಡಿ ಹಿಡಿಯಬೇಕು. ಅದರ ಮೇಲ್ದವಡೆಯ ಮುಂಭಾಗದಲ್ಲಿ ದನಗಳಿಗಿರುವಂತೆ ಗಟ್ಟಿ ಒಸಡು ಮಾತ್ರ, ತುಟಿಯಿಂದಲೇ ಎತ್ತಿಕೊಳ್ಳುತ್ತದೆ.

ನಡಿಗೆ ಮುಗಿದೊಡನೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು, ಅನಂತರವೇ ಚಹ. ಬಾಟಲಿಯಲ್ಲಿ ಸಿಗುವ ಕೈಗೆ ಒರೆಸುವ ದ್ರವವನ್ನು ನಂಬಬಾರದು; ಹಿಕ್ಕೆಯಿಂದ ಬರುವ ಕೆಲವು ಭೇದಿಯ ರೋಗಾಣುಗಳು ಅದರಿಂದ ಸಾಯುವುದಿಲ್ಲ. ಎಳೆಯ ಮಕ್ಕಳಿಗೆ ಇಂಥ ಭೇದಿ ಮೂತ್ರಪಿಂಡಕ್ಕೇ ತಗುಲಿದ ಉದಾಹರಣೆಗಳಿವೆ. ಗರ್ಭಿಣಿಯರು ಕುರಿ ಈಯುವ ಕಾಲದಲ್ಲಿ ಅಂಥ ಹೊಲಗಳಿಂದ ದೂರವಿರಬೇಕೆಂದು ಅಲ್ಲಿಯ ವೈದ್ಯರೂ ಹೇಳುತ್ತಾರೆ. ಬಾಣಂತನಕ್ಕೆಂದು ಹೋದ ತಾಯಂದಿರು, ಮಗಳು ಹುರುಪಿನಿಂದ 'ನಾನೂ ಬರ್ತೀನಿ' ಎಂದರೂ, ಹೊಲದವರಿಗೆ ಮೊದಲು ಫೋನು ಮಾಡಿ ವಿಚಾರಿಸಿಕೊಳ್ಳಲಿ.