ಹಲ್ಲಿನ ದೊಡ್ಡ ಬಿಲ್ಲಿಗೆ ಮೆಡಿಕ್ಲೈಮ್ ಎಷ್ಟು ಕೊಡುತ್ತದೆ?

ವಡಾಲ, ಮಾಟುಂಗಾ, ಸಯನ್ ಪರಿಸರದ ನಮ್ಮ ಹೋಟೆಲ್ ಬಂಧುಗಳಲ್ಲಿ ಅನೇಕರು ಮೆಡಿಕ್ಲೈಮ್ ಪಾಲಿಸಿಯನ್ನು ವರ್ಷವೂ ತಪ್ಪದೆ ನವೀಕರಿಸುತ್ತ ಬಂದವರು. ಕಣ್ಣಿನ ಪೊರೆ, ಮೊಣಕಾಲು, ಹೃದಯದ ಆಪರೇಷನ್ ಎಂದರೆ ಕ್ಲೇಮು ಹೇಗೆ ಹಾಕಬೇಕೆಂದು ಅವರಿಗೆ ಗೊತ್ತಿದೆ. ಹಲ್ಲಿನ ವಿಷಯದಲ್ಲಿ ಮಾತ್ರ ತೊಡಕು ಗೊತ್ತಾಗುವುದು ಬಿಲ್ಲು ಕೈಗೆ ಬಂದ ಮೇಲೆ. ನಾಲ್ಕು ರೂಟ್ ಕೆನಾಲ್, ಅದರ ಮೇಲೆ ಕ್ಯಾಪ್, ಎರಡು ಇಂಪ್ಲಾಂಟ್ ಎಂದು ಡಾಕ್ಟರು ಬರೆದುಕೊಟ್ಟರೆ ಮೊತ್ತ ಸುಲಭವಾಗಿ ಲಕ್ಷ ದಾಟುತ್ತದೆ. ‘ಐದು ಲಕ್ಷದ ಪಾಲಿಸಿ ಇದೆಯಲ್ಲ’ ಎಂಬ ಧೈರ್ಯದಲ್ಲಿ ಕೆಲಸ ಮಾಡಿಸಿಕೊಂಡರೆ, ಕಂಪೆನಿಯಿಂದ ಬರುವುದು ಒಂದು ಸಾಲಿನ ಪತ್ರ: ಕ್ಲೇಮು ಅಂಗೀಕಾರವಾಗಿಲ್ಲ.

ಇದು ಕಂಪೆನಿಯ ಮೋಸವೆಂದು ಹೇಳುವಂತಿಲ್ಲ. ಪಾಲಿಸಿ ಪುಸ್ತಕದಲ್ಲಿ ಅಚ್ಚಾಗಿಯೇ ಇದೆ, ಓದುವವರು ಇಲ್ಲ ಅಷ್ಟೆ. 1986ರಲ್ಲಿ ಆರಂಭವಾದ ಮೆಡಿಕ್ಲೈಮ್ ಮೂಲತಃ ಆಸ್ಪತ್ರೆಗೆ ಸೇರಿದವರ ಖರ್ಚಿಗಾಗಿ ಮಾಡಿದ ಪಾಲಿಸಿ. ಹಲ್ಲಿನ ಕೆಲಸ ನಡೆಯುವುದು ಹಾಸಿಗೆಯ ಮೇಲಲ್ಲ, ಕುರ್ಚಿಯ ಮೇಲೆ. ಕೂತು ಮಾಡಿಸಿಕೊಂಡು ಸಂಜೆಗೆ ಗಲ್ಲಾಕ್ಕೆ ಬರುವ ಚಿಕಿತ್ಸೆಯನ್ನು ವಿಮೆಯವರು ಒ.ಪಿ.ಡಿ. ಎನ್ನುತ್ತಾರೆ. ಹಳೆಯ ಮಾದರಿಯ ಪಾಲಿಸಿಗಳಲ್ಲಿ ಇರುವ ವಾಕ್ಯದ ಸಾರ ಹೀಗಿದೆ: ಅಪಘಾತದಿಂದ ಆಗಿ, ಆಸ್ಪತ್ರೆಗೆ ಸೇರಲೇಬೇಕಾದ ಸಂದರ್ಭ ಬಿಟ್ಟು ಯಾವುದೇ ದಂತ ಚಿಕಿತ್ಸೆಗೆ ಹಣ ಇಲ್ಲ.

ಕೆಲವರು ‘ಡೇ ಕೇರ್ ಎಂದು ಹಾಕಿಸಿದರೆ ಆಗುವುದಿಲ್ಲವೇ’ ಎಂದು ಕೇಳುತ್ತಾರೆ. ಆಗುವುದಿಲ್ಲ. ಮೊದಲು 24 ಗಂಟೆಗಿಂತ ಹೆಚ್ಚು ಆಸ್ಪತ್ರೆಯಲ್ಲಿ ಇರಬೇಕಾಗಿದ್ದು, ಈಗ ಹೊಸ ಯಂತ್ರ, ಹೊಸ ವಿಧಾನಗಳಿಂದ ಬೇಗ ಮುಗಿಯುವ ಚಿಕಿತ್ಸೆ ಮಾತ್ರ ಡೇ ಕೇರ್. ಮಾಮೂಲಾಗಿ ಒ.ಪಿ.ಡಿ.ಯಲ್ಲೇ ನಡೆಯುವುದು ಅದರಲ್ಲಿ ಸೇರದು ಎಂದು ವ್ಯಾಖ್ಯೆಯಲ್ಲೇ ಹೇಳಿದೆ. ಆಸ್ಪತ್ರೆ ಎಂಬುದಕ್ಕೂ ಲೆಕ್ಕವಿದೆ. ಮುಂಬಯಿಯಂಥ ಊರಿನಲ್ಲಿ, ನೋಂದಣಿ ಇಲ್ಲದ ಪಕ್ಷದಲ್ಲಿ, ಕನಿಷ್ಠ 15 ಹಾಸಿಗೆ, ಹಗಲು ರಾತ್ರಿ ನರ್ಸುಗಳು, ಆಪರೇಷನ್ ಥಿಯೇಟರ್ ಇರಬೇಕು. ಬಿಲ್ಡಿಂಗಿನ ಮೊದಲ ಮಾಳಿಗೆಯ ದಂತ ಕ್ಲಿನಿಕ್ಕು ಈ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಹಣ ಸಿಗುವುದು ಯಾವಾಗ? ಸ್ಕೂಟರಿನಿಂದ ಬಿದ್ದು ದವಡೆ ಮುರಿದರೆ, ಹಲ್ಲಿನ ಬೇರಿನ ಕೀವು ಕುತ್ತಿಗೆಗೆ ಇಳಿದು ಉಸಿರಾಟಕ್ಕೇ ತೊಂದರೆಯಾಗಿ ಭರ್ತಿಯಾದರೆ, ಬಾಯಿಯಲ್ಲಿ ಗಡ್ಡೆ ಬಂದು ಆಪರೇಷನ್ ಆದರೆ. ಕೊನೆಯದನ್ನು ದಂತ ಚಿಕಿತ್ಸೆ ಎಂದು ಯಾರೂ ಎಣಿಸುವುದಿಲ್ಲ, ಅದು ಕ್ಯಾನ್ಸರಿನ ಲೆಕ್ಕ. 2020ರ ಏಪ್ರಿಲಿನಿಂದ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿ ಈ ವಿಷಯದಲ್ಲಿ ಸ್ವಲ್ಪ ಉದಾರ. ಅದರಲ್ಲಿ ಅಪಘಾತ ಮಾತ್ರವಲ್ಲ, ಕಾಯಿಲೆಯಿಂದ ಬೇಕಾದ ದಂತ ಚಿಕಿತ್ಸೆಯೂ ಸೇರಿದೆ. ಆದರೆ ಆಸ್ಪತ್ರೆಯ ಷರತ್ತು ಅಲ್ಲೂ ಬಿಟ್ಟಿಲ್ಲ, ಒ.ಪಿ.ಡಿ. ಹೊರಗೇ. ಮೇಲಾಗಿ ಶೇ. 5 ನಮ್ಮ ಪಾಲು. ಒಪ್ಪಿಗೆಯಾದ ಬಿಲ್ಲು 60,000 ಎಂದರೆ 3,000 ನಾವು, 57,000 ಕಂಪೆನಿ. ಕೋಣೆಯ ಬಾಡಿಗೆಗೆ ವಿಮಾ ಮೊತ್ತದ ಶೇ. 2, ಹೆಚ್ಚೆಂದರೆ ದಿನಕ್ಕೆ 5,000 ಎಂಬ ಮಿತಿಯೂ ಇದೆ.

ಈಗ ಒ.ಪಿ.ಡಿ. ಸೇರಿಸಿದ ಪಾಲಿಸಿಗಳೂ ಬಂದಿವೆ. ಏಜೆಂಟರು ‘ಹಲ್ಲು, ಕಣ್ಣು ಎರಡೂ ಕವರ್’ ಎನ್ನುತ್ತಾರೆ. ಕವರ್ ಹೌದು, ಎಷ್ಟರ ಮಟ್ಟಿಗೆ ಎಂದು ಕೇಳಬೇಕು. ಸಾಮಾನ್ಯವಾಗಿ ಕೆಲವು ಸಾವಿರ ರೂಪಾಯಿಯ ಒಳಮಿತಿ ಇರುತ್ತದೆ. ಮೂರು ವರ್ಷ ಸತತ ಪಾಲಿಸಿ ಇದ್ದರೆ ಒಂದು ಸಲ ಎಂಬ ಷರತ್ತಿನವೂ ಇವೆ. ಉದಾಹರಣೆಗೆ ಇಂಪ್ಲಾಂಟು, ಬ್ರಿಜ್ ಸೇರಿ ನಿಮ್ಮ ಬಿಲ್ಲು 1,20,000, ಒಳಮಿತಿ 10,000 ಎಂದಿಟ್ಟುಕೊಳ್ಳಿ. ಎಲ್ಲ ಸರಿಯಾಗಿ ನಡೆದರೂ 1,10,000 ನಿಮ್ಮ ಜೇಬಿನಿಂದಲೇ. ಆ 10,000ಕ್ಕಾಗಿ ವರ್ಷಕ್ಕೆ ಎಷ್ಟು ಹೆಚ್ಚು ಪ್ರೀಮಿಯಂ ಕಟ್ಟುತ್ತಿದ್ದೀರಿ ಎಂದು ಗುಣಿಸಿ ನೋಡಿ. ಇಡ್ಲಿಯ ಪ್ಲೇಟಿಗೆ ತಗಲುವ ಖರ್ಚನ್ನು ಪೈಸೆ ಲೆಕ್ಕದಲ್ಲಿ ಹೇಳುವ ನಮ್ಮವರಿಗೆ ಈ ಲೆಕ್ಕ ಕಷ್ಟವಲ್ಲ. ನನ್ನ ಅಭಿಪ್ರಾಯದಲ್ಲಿ, ಹಲ್ಲಿಗೆಂದೇ ಪಾಲಿಸಿ ಬದಲಿಸುವುದಕ್ಕಿಂತ ತಿಂಗಳಿಗಿಷ್ಟು ಎಂದು ಬೇರೆ ಆರ್.ಡಿ. ಮಾಡುವುದೇ ವಾಸಿ.

ಅಮೆರಿಕದಲ್ಲಿರುವ ಮಕ್ಕಳು ‘ನಮಗೆ ಡೆಂಟಲ್ ಇನ್ಶೂರೆನ್ಸ್ ಬೇರೆಯೇ ಇದೆ’ ಎಂದು ಹೇಳುವುದುಂಟು. ನಿಜ. ಅಲ್ಲಿ ಸಾಮಾನ್ಯವಾಗಿ ತಪಾಸಣೆ, ಸ್ವಚ್ಛತೆಗೆ ಪೂರ್ತಿ, ಹುಳುಕು ತುಂಬಲು ಶೇ. 80, ಕ್ಯಾಪ್ ಬ್ರಿಜ್‌ನಂಥ ದೊಡ್ಡ ಕೆಲಸಕ್ಕೆ ಶೇ. 50 ಕೊಡುತ್ತಾರೆ. ಆದರೆ ಅದಕ್ಕೂ ವರ್ಷದ ಗರಿಷ್ಠ ಮಿತಿ ಇದೆ. ಬಹಳಷ್ಟು ಪಾಲಿಸಿಗಳಲ್ಲಿ ಅದು 1,000ದಿಂದ 2,000 ಡಾಲರಿನ ಒಳಗೆ ಮುಗಿಯುತ್ತದೆ. ಊರಿಗೆ ಬಂದಾಗ ಇಲ್ಲಿ ಹಲ್ಲು ಮಾಡಿಸಿಕೊಂಡು ಹೋಗುವವರು ಸುಮ್ಮನೆ ಬರುವುದಿಲ್ಲ.

ಇನ್ನು ನಮ್ಮ ಕೆಲಸದವರ ಸಂಗತಿ. ಅಡುಗೆಮನೆಯ ಒದ್ದೆ ನೆಲದಲ್ಲಿ ಹುಡುಗ ಜಾರಿ ಗ್ರೈಂಡರಿಗೆ ಬಾಯಿ ಬಡಿದು ಮುಂದಿನ ಎರಡು ಹಲ್ಲು ಹೋದವು ಎನ್ನೋಣ. ಅದು ಅವನ ಸ್ವಂತ ಖರ್ಚಲ್ಲ, ಕೆಲಸದ ಮೇಲಾದ ಗಾಯ. ಇ.ಎಸ್.ಐ. ಇದ್ದರೆ ಅದೇ ದಿನ ಅಪಘಾತದ ವರದಿ ಹಾಕಿ ಇ.ಎಸ್.ಐ. ದವಾಖಾನೆಗೆ ಕಳುಹಿಸಬೇಕು. 2019ರ ಜುಲೈಯಲ್ಲಿ ಇ.ಎಸ್.ಐ. ವಂತಿಗೆ ಇಳಿದು ಮಾಲಕರದು ಶೇ. 3.25, ಕಾರ್ಮಿಕರದು ಶೇ. 0.75 ಆಯಿತು. ಕಟ್ಟುವ ಹಣದ ಪ್ರಯೋಜನವನ್ನು ಹುಡುಗರಿಗೆ ತಿಳಿಸಿ ಹೇಳದ ಮಾಲಕರೇ ಜಾಸ್ತಿ. ಇ.ಎಸ್.ಐ. ವ್ಯಾಪ್ತಿಗೆ ಬಾರದವರ ಚಿಕಿತ್ಸೆಯ ನೈಜ ಖರ್ಚನ್ನು ಮಾಲಕರು ಕೊಡಬೇಕೆಂಬ ನಿಯಮ ನಷ್ಟ ಪರಿಹಾರ ಕಾಯಿದೆಗೆ 2009ರ ತಿದ್ದುಪಡಿಯಲ್ಲಿ ಸೇರಿತು. 2025ರ ನವೆಂಬರ್ 21ರಿಂದ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಕಾರ್ಮಿಕರ ಹೆಸರಿನಲ್ಲಿ ಪರಿಹಾರ ಪಾಲಿಸಿ ಮಾಡಿಸಿರುವವರು, ವೈದ್ಯಕೀಯ ಖರ್ಚು ಅದರಲ್ಲಿ ಸೇರಿದೆಯೇ, ಎಷ್ಟರವರೆಗೆ ಎಂದು ಇವತ್ತೇ ತೆಗೆದು ನೋಡಿ. ಅನೇಕ ಪಾಲಿಸಿಗಳಲ್ಲಿ ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಬೇಕಾಗುತ್ತದೆ.

ವಿಮೆಯ ಹಣ ಬಾರದ ಕೆಲಸಕ್ಕೆ ಕಡಿಮೆ ಖರ್ಚಿನ ದಾರಿಯೂ ನಮ್ಮ ಹತ್ತಿರವೇ ಇದೆ. ವಡಾಲ ರೋಡ್ ಸ್ಟೇಷನ್ನಿನಿಂದ ಹಾರ್ಬರ್ ಲೈನಿನಲ್ಲಿ ಸಿ.ಎಸ್.ಎಂ.ಟಿ.ಗೆ ಇಳಿದರೆ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜು. ಮುಂಬಯಿ ಸೆಂಟ್ರಲ್ ಹತ್ತಿರ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜು, 1933ರಷ್ಟು ಹಳೆಯದು. ಕಾಯಬೇಕು, ನಾಲ್ಕೈದು ಸಲ ಹೋಗಬೇಕು, ಕೆಲಸ ಮಾಡುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಆದರೆ ಪ್ರಾಧ್ಯಾಪಕರು ನೋಡುತ್ತಾರೆ, ದರವೂ ಖಾಸಗಿಗಿಂತ ಬಹಳ ಕಡಿಮೆ.

ಆಸ್ಪತ್ರೆಯಲ್ಲೇ ಮಾಡಬೇಕಾದ ಕೆಲಸವಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಕಂಪೆನಿಗೆ ಬರೆದು ಒಪ್ಪಿಗೆ ಕೇಳಿ. ಫೋನಿನಲ್ಲಿ ‘ಆಗುತ್ತದೆ ಸರ್’ ಎಂದದ್ದಕ್ಕೆ ಬೆಲೆಯಿಲ್ಲ. ಕ್ಲಿನಿಕ್ಕಿನಲ್ಲೇ ಯಾಕೆ ಸಾಧ್ಯವಿಲ್ಲ, ಭರ್ತಿ ಯಾಕೆ ಬೇಕು ಎಂದು ಡಾಕ್ಟರು ಕಾರಣ ಸಹಿತ ಬರೆದುಕೊಡಲಿ. ಅಪಘಾತವಾದರೆ ಮೊದಲ ದಿನದ ಕೇಸ್ ಪೇಪರಿನಲ್ಲಿ ಹೇಗೆ ಬಿದ್ದದ್ದು ಎಂಬುದು ಬರಲೇಬೇಕು, ಎಕ್ಸ್‌ರೇ ಜೋಪಾನವಾಗಿರಲಿ.

ಇಷ್ಟಾಗಿಯೂ ನ್ಯಾಯವಾದ ಕ್ಲೇಮನ್ನು ತಿರಸ್ಕರಿಸಿದರೆ ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಮುಂಬಯಿ ಕಚೇರಿ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರೋಡಿನಲ್ಲಿದೆ. ವಡಾಲದಿಂದ ಗೋರೆಗಾಂವ್ ಗಾಡಿ ಹಿಡಿದರೆ ಬದಲಾಯಿಸುವ ತಾಪತ್ರಯವೂ ಇಲ್ಲ.