ಖಾತೆಯ ಹೊರಗಿನ ಅಂಚೆ

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸವೂ ಹೌದು. ದಮಯಂತಿಗೆ ನಳನ ಸುದ್ದಿ ತಂದ ಹಂಸಕ್ಕೆ ಸಂಬಳ ಬೇಕಿರಲಿಲ್ಲ. ನಮ್ಮ ಹಳ್ಳಿಯ ಅಂಚೆಯವನಿಗಾದರೋ ಸಂಸಾರವುಂಟು.

ಇವನ ಮೊದಲ ಹೆಸರು ‘ಇಲಾಖೇತರ ನೌಕರ’. ಈಗಿನದು ‘ಗ್ರಾಮೀಣ ಡಾಕ್ ಸೇವಕ’. ಬದಲಾದುದು ಹೆಸರು ಮಾತ್ರ. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸವೆಂಬುದು ಕಾಗದದ ಲೆಕ್ಕ. ಉಳಿದ ಜೀವನೋಪಾಯವನ್ನು ಅವನೇ ನೋಡಿಕೊಳ್ಳತಕ್ಕದ್ದು. ಕೈಗೆ ಬರುವ ಹಣಕ್ಕೂ ‘ವೇತನ’ವೆಂಬ ಗೌರವವಿಲ್ಲ, ಅದು ‘ಭತ್ಯೆ’. ಇವರದು ಸರ್ಕಾರದ ಅಧೀನದ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತರೂ ಖಾಯಂ ನೌಕರರ ಸವಲತ್ತುಗಳು ಒದಗಲಿಲ್ಲ.

ಕಮಲೇಶ್ ಚಂದ್ರ ಸಮಿತಿ 2016ರಲ್ಲಿ ಒಪ್ಪಿಸಿದ ವರದಿ ಒಂದೂವರೆ ವರ್ಷವಾದರೂ ಜಾರಿಗೆ ಬಾರದಿರಲು, 2018ರ ಮೇ 22ರಿಂದ ಇವರ ಸಂಘಗಳು ದೇಶಾದ್ಯಂತ ಮುಷ್ಕರ ಹೂಡಿದುವು. ಜೂನ್ 6ರಂದು ಕೇಂದ್ರ ಸಂಪುಟವು ಮಣಿಯಿತು: ನಾಲ್ಕು ಗಂಟೆ ದುಡಿಯುವ ಶಾಖಾ ಪೋಸ್ಟ್‌ಮಾಸ್ಟರರಿಗೆ ತಿಂಗಳಿಗೆ ಕನಿಷ್ಠ 12,000 ರೂಪಾಯಿ, ಸಹಾಯಕರಿಗೆ 10,000. ಗೆಲುವು ಸಣ್ಣದಲ್ಲ, ಆದರೆ ಎಂಟು ಗಂಟೆಯ ಕೆಲಸ, ಪಿಂಚಣಿ ಇವೆರಡೂ ದೊರೆಯದೆ ಹೋದುವು. ಅವಕ್ಕಾಗಿ 2023ರ ಡಿಸೆಂಬರಿನಲ್ಲಿ ಮತ್ತೆ ಬೀದಿಗಿಳಿಯಬೇಕಾಯಿತು.

ಊರ ಮುದುಕರ ಮಾಸಾಶನವನ್ನು ಎಷ್ಟೋ ವರ್ಷ ಮನೆಬಾಗಿಲಿಗೆ ಮುಟ್ಟಿಸಿದವನು ತನ್ನ ಮುಪ್ಪಿನಲ್ಲಿ ಯಾರ ಬಾಗಿಲನ್ನು ತಟ್ಟಬೇಕು? ‘ಸೇವಕ’ನೆಂದು ಕರೆದ ಮಾತ್ರಕ್ಕೆ ಆ ಪ್ರಶ್ನೆಗೆ ಉತ್ತರವಾದಂತಾಗಲಿಲ್ಲ.