ಸಂಶೋಧನಾ ಲೇಖನ: ಹಿರೇಹಡಗಲಿಯ ತಾಮ್ರಪಟ ಕಲಿಸುವ ಪಾಠ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಎಂದೊಡನೆ ಸುತ್ತಮುತ್ತಲಿನವರಿಗೆ ನೆನಪಾಗುವುದು ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯ. ಆದರೆ ಇತಿಹಾಸದ ವಿದ್ವಾಂಸರಿಗೆ ಈ ಊರಿನ ಹೆಸರು ಪರಿಚಿತವಾದದ್ದು ಇನ್ನೊಂದು ಕಾರಣಕ್ಕೆ. ಕಂಚಿಯ ಪಲ್ಲವ ದೊರೆ ಶಿವಸ್ಕಂದವರ್ಮ ನಾಲ್ಕನೆಯ ಶತಮಾನದ ಸುಮಾರಿಗೆ ಹೊರಡಿಸಿದ ದಾನಶಾಸನವೊಂದು ಇಲ್ಲಿ ಸಿಕ್ಕಿತು. ಎಂಟು ತಾಮ್ರದ ಹಲಗೆಗಳು, ಭಾಷೆ ಪ್ರಾಕೃತ, ಕಾಲ, ದೊರೆಯ ಆಳ್ವಿಕೆಯ ಎಂಟನೆಯ ವರ್ಷ. ಶಾಸನವನ್ನು ಸ್ವಹಸ್ತದಿಂದ ಬರೆದವನು ಭಟ್ಟಿಶರ್ಮನೆಂಬ ರಹಸ್ಯಾಧಿಕಾರಿ ಎಂಬುದನ್ನೂ ಅದರಲ್ಲೇ ಹೇಳಿದೆ.

ಈ ತಾಮ್ರಪಟ ಯಾರದೋ ಮನೆಯ ಪೆಟ್ಟಿಗೆಯಲ್ಲೇ ಉಳಿದುಬಿಟ್ಟಿದ್ದರೆ ಜಗತ್ತಿಗೆ ಅದರ ಸುದ್ದಿಯೇ ತಿಳಿಯುತ್ತಿರಲಿಲ್ಲ. ಅದು ಬೆಳಕಿಗೆ ಬಂದದ್ದು ವಿಯೆನ್ನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾರ್ಜ್ ಬ್ಯೂಲರ್ ಬರೆದ ಒಂದು ಲೇಖನದಿಂದ. 1892ರಲ್ಲಿ ಹೊರಬಂದ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲ ಸಂಪುಟದ ಆರಂಭದ ಪುಟಗಳಲ್ಲೇ ಆ ಲೇಖನವಿದೆ. ಶಾಸನದ ಪಾಠವನ್ನು ಸಾಲುಸಾಲಾಗಿ ಕೊಡುವುದು, ಸವೆದ ಅಕ್ಷರಗಳನ್ನು ಕಂಸದಲ್ಲಿ ಹಾಕುವುದು, ಅನುಮಾನವಿದ್ದಲ್ಲಿ ಅನುಮಾನವೆಂದೇ ಗುರುತಿಸುವುದು, ಬಳಿಕ ಅನುವಾದ ಮತ್ತು ಟಿಪ್ಪಣಿ ಕೊಡುವುದು ಇಂಥ ಲೇಖನಗಳ ಪದ್ಧತಿ. ಓದುಗನಿಗೆ ಲೇಖಕನ ತೀರ್ಮಾನದ ಜೊತೆಗೆ ಅದಕ್ಕೆ ಆಧಾರವಾದ ಸಾಮಗ್ರಿಯೂ ಕೈಗೆ ಸಿಗುತ್ತದೆ.

ಅದರ ಫಲವೂ ಬೇಗನೇ ಕಂಡಿತು. ಮುಂದಿನ ಸಂಪುಟದಲ್ಲೇ ಬ್ಯೂಲರರ ಕೆಲವು ಓದುಗಳಿಗೆ ತಿದ್ದುಪಡಿಗಳು ಪ್ರಕಟವಾದವು. ಇದೇ ಶಿವಸ್ಕಂದವರ್ಮ ಇನ್ನೂ ಯುವರಾಜನಾಗಿದ್ದಾಗ ಹೊರಡಿಸಿದ ಆಂಧ್ರದ ಮಯಿದವೋಲು ತಾಮ್ರಪಟ ಆಮೇಲೆ ಅದೇ ಪತ್ರಿಕೆಯಲ್ಲಿ ಬೆಳಕು ಕಂಡಿತು. ಒಂದು ಲೇಖನ ಇನ್ನೊಂದಕ್ಕೆ ಮೆಟ್ಟಿಲಾಯಿತು. ಬ್ಯೂಲರ್ ತಪ್ಪಿದ್ದಲ್ಲಿ ಇನ್ನೊಬ್ಬರು ತಿದ್ದಲು ಸಾಧ್ಯವಾದದ್ದು ಅವರು ಎಲ್ಲವನ್ನೂ ತೆರೆದಿಟ್ಟಿದ್ದರಿಂದ.

ಭೌತಶಾಸ್ತ್ರ, ಜೀವಶಾಸ್ತ್ರ, ಕೃಷಿವಿಜ್ಞಾನ, ವೈದ್ಯಕೀಯ ಯಾವುದೇ ಇರಲಿ, ವಿಜ್ಞಾನ ಪತ್ರಿಕೆಗೆ ಕಳಿಸುವ ಹಸ್ತಪ್ರತಿಗೂ ಇದೇ ನಿಯಮ. ‘ನಾನು ಹೇಳಿದ್ದನ್ನು ನಂಬಿ’ ಎಂದು ಕೇಳುವುದು ಅದರ ಕೆಲಸವಲ್ಲ. ‘ನಾನು ಮಾಡಿದ್ದು ಇದು, ಕಂಡದ್ದು ಇದು, ನೀವೂ ಮಾಡಿ ನೋಡಿ’ ಎನ್ನುವುದು ಅದರ ಕೆಲಸ. ಪದವಿ ತರಗತಿಯಲ್ಲೇ ಪ್ರಾಜೆಕ್ಟ್ ಮಾಡುವ, ಸ್ನಾತಕೋತ್ತರ ಓದಿ ಪಿಎಚ್.ಡಿ.ಯ ಕನಸು ಕಾಣುವ ವಿದ್ಯಾರ್ಥಿಗಳು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಅವರೂ ಅವರ ಪಾಲಕರೂ ಈ ಕೆಲಸದ ಹಾದಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಕೆರೆಯ ದಂಡೆಯಿಂದ ಆರಂಭ

ಉದಾಹರಣೆಗೆ ದೂರ ಹೋಗಬೇಕಿಲ್ಲ. ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಅಂಕಸಮುದ್ರದ ಕೆರೆಯಿದೆ. ಸುಮಾರು 244 ಎಕರೆಯ ಈ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶಕ್ಕೆ 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ನೀರಿನ ನಡುವೆ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹಡಗಲಿಯ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಆ ಗೂಡುಗಳನ್ನು ಎಣಿಸಿ, ನೀರಿನ ಮಟ್ಟಕ್ಕೂ ಗೂಡುಗಳ ಸಂಖ್ಯೆಗೂ ಸಂಬಂಧವಿದೆಯೇ ಎಂದು ನೋಡಿದಳು ಎಂದಿಟ್ಟುಕೊಳ್ಳಿ.

ಅವಳ ಟಿಪ್ಪಣಿ ಪುಸ್ತಕದಲ್ಲಿ ನೂರು ಸಂಗತಿಗಳಿರಬಹುದು. ಆದರೆ ಒಂದು ಲೇಖನಕ್ಕೆ ಒಂದು ಪ್ರಶ್ನೆ ಸಾಕು. ‘ಅಂಕಸಮುದ್ರದ ಪಕ್ಷಿಗಳು’ ಎಂಬುದು ಪ್ರಶ್ನೆಯಲ್ಲ, ಅದೊಂದು ಪುಸ್ತಕದ ಹೆಸರು. ‘ಕೆರೆಯ ನೀರು ತಗ್ಗಿದಾಗ ಬಣ್ಣದ ಕೊಕ್ಕರೆಯ ಗೂಡುಗಳು ಕಡಿಮೆಯಾಗುತ್ತವೆಯೇ?’ ಎಂಬುದು ಪ್ರಶ್ನೆ.

ಬಳಿಕ ಬರೆಯುವ ಕ್ರಮ. ವಿಜ್ಞಾನ ಲೇಖನದ ಅಂಗಗಳು ಬಹುಮಟ್ಟಿಗೆ ಗೊತ್ತಾದವು: ಶೀರ್ಷಿಕೆ, ಸಾರಾಂಶ, ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ, ಕೃತಜ್ಞತೆ, ಉಲ್ಲೇಖಗಳ ಪಟ್ಟಿ. ಓದುವವರು ಈ ಕ್ರಮದಲ್ಲಿ ಓದುತ್ತಾರೆ. ಬರೆಯುವವರು ಈ ಕ್ರಮದಲ್ಲೇ ಬರೆಯಬೇಕೆಂದಿಲ್ಲ. ಅನುಭವಿಗಳು ಅನೇಕರು ಮೊದಲು ಕೋಷ್ಟಕಗಳನ್ನೂ ನಕ್ಷೆಗಳನ್ನೂ ಸಿದ್ಧಮಾಡಿಕೊಳ್ಳುತ್ತಾರೆ. ಲೇಖನದ ಬೆನ್ನೆಲುಬು ಅಲ್ಲಿದೆ. ಆಮೇಲೆ ವಿಧಾನ ಮತ್ತು ಫಲಿತಾಂಶ, ನಂತರ ಚರ್ಚೆ ಮತ್ತು ಪೀಠಿಕೆ. ಎಲ್ಲ ಮುಗಿದ ಮೇಲೆ ಸಾರಾಂಶ.

ವಿಧಾನದ ಭಾಗವೇ ಹೊಸಬರು ಎಡವುವ ಜಾಗ. ‘ಪಕ್ಷಿಗಳನ್ನು ಎಣಿಸಲಾಯಿತು’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ತಿಂಗಳಲ್ಲಿ, ವಾರಕ್ಕೆ ಎಷ್ಟು ಸಲ, ಬೆಳಿಗ್ಗೆ ಎಷ್ಟು ಗಂಟೆಗೆ, ಏರಿಯ ಮೇಲೆ ಎಲ್ಲಿ ನಿಂತು, ಯಾವ ದುರ್ಬೀನು ಹಿಡಿದು, ಎಷ್ಟು ಜನ ಎಣಿಸಿದರು? ಇಬ್ಬರ ಎಣಿಕೆ ಬೇರೆ ಬೇರೆ ಬಂದಾಗ ಯಾವುದನ್ನು ತೆಗೆದುಕೊಂಡರು? ಮಳೆಯಿಂದ ಎಣಿಕೆ ತಪ್ಪಿದ ದಿನಗಳೆಷ್ಟು? ಅದೇ ಕೆರೆಯ ದಂಡೆಗೆ ಮುಂದಿನ ವರ್ಷ ಬೇರೊಬ್ಬ ಹುಡುಗ ಹೋಗಿ ಅದೇ ರೀತಿ ಎಣಿಸಬಲ್ಲಷ್ಟು ವಿವರ ಅಲ್ಲಿರಬೇಕು. ಸಿಗದ ಅಂಕಿಯನ್ನು ಅಂದಾಜಿನಲ್ಲಿ ತುಂಬುವುದು ತಾಮ್ರಪಟದ ಸವೆದ ಅಕ್ಷರವನ್ನು ಸುತ್ತಿಗೆಯಿಂದ ಹೊಸದಾಗಿ ಕೆತ್ತಿದಂತೆ. ಅದು ಮೋಸ.

ಫಲಿತಾಂಶದಲ್ಲಿ ಕಂಡದ್ದನ್ನು ಮಾತ್ರ ಹೇಳಬೇಕು. ಅದರ ಅರ್ಥವೇನೆಂಬುದು ಚರ್ಚೆಯ ಭಾಗಕ್ಕೆ ಸೇರಿದ್ದು. ಒಂದು ಕೆರೆಯಲ್ಲಿ ಒಂದು ವರ್ಷ ಕಂಡದ್ದನ್ನು ಕರ್ನಾಟಕದ ಎಲ್ಲ ಕೆರೆಗಳಿಗೂ ಅನ್ವಯಿಸುವ ಆಸೆಯನ್ನು ಅಲ್ಲಿ ತಡೆದುಕೊಳ್ಳಬೇಕು.

ತಡಮಾಡಿದವರ ಕಥೆ

ಕೆಲಸ ಮುಗಿಸಿ ಬರೆಯದೆ ಕೂರುವವರೂ ಉಂಟು. ಅವರಿಗೆ 1928ರ ಕಥೆ ಪಾಠವಾಗಬೇಕು. ಆ ವರ್ಷದ ಫೆಬ್ರುವರಿಯಲ್ಲಿ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಚದುರಿದ ಬೆಳಕಿನಲ್ಲಿ ಹೊಸ ಕಿರಣವನ್ನು ಕಂಡರು. ಇಬ್ಬರ ಹೆಸರಿನಲ್ಲೂ ‘ನೇಚರ್’ ಪತ್ರಿಕೆಗೆ ಬರೆದ ಪುಟ್ಟ ಪತ್ರ ಮಾರ್ಚ್ 31ರ ಸಂಚಿಕೆಯಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, ಮಾರ್ಚ್ 16ರಂದು, ರಾಮನ್ ಬೆಂಗಳೂರಿನಲ್ಲಿ ಈ ಬಗ್ಗೆ ಉಪನ್ಯಾಸ ನೀಡಿದರು. ಅದನ್ನು ತಡಮಾಡದೆ ‘ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ ಅಚ್ಚು ಹಾಕಿಸಿ, ಪ್ರತಿಗಳನ್ನು ಹಲವು ದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿದರು.

ಅದೇ ಫೆಬ್ರುವರಿಯಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಸ್ಫಟಿಕಗಳಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು. ಅವರ ಲೇಖನ ಜರ್ಮನ್ ಪತ್ರಿಕೆಯಲ್ಲಿ ಅಚ್ಚಾದದ್ದು ಜುಲೈ ತಿಂಗಳಲ್ಲಿ. 1930ರ ನೊಬೆಲ್ ಬಹುಮಾನ ಬಂದದ್ದು ರಾಮನ್ ಅವರೊಬ್ಬರಿಗೇ. ಅವಸರ ಒಳ್ಳೆಯದೆಂದು ಇದರ ಅರ್ಥವಲ್ಲ. ಕೈಯಲ್ಲಿ ಗಟ್ಟಿ ಫಲಿತಾಂಶವಿದ್ದಾಗ ಅದನ್ನು ಬರೆಯುವುದೂ ಸಂಶೋಧನೆಯ ಭಾಗವೇ.

ಯಾವ ಪತ್ರಿಕೆ?

ವಿದೇಶದ ದೊಡ್ಡ ಪತ್ರಿಕೆಯಲ್ಲಿ ಬಂದರೆ ಮಾತ್ರ ಬೆಲೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ 1977ರಲ್ಲಿ ಇದಕ್ಕೆ ಉತ್ತರ ಕೊಟ್ಟಂತಿದೆ. ಆವರೆಗೆ ಕಡ್ಡಿಯಂಥ ಉದ್ದನೆಯ ಅಣುಗಳು ಮಾತ್ರ ದ್ರವಸ್ಫಟಿಕಗಳಾಗುತ್ತವೆ ಎಂದು ತಿಳಿಯಲಾಗಿತ್ತು. ಬಿಲ್ಲೆಯಂಥ ಅಣುಗಳೂ ಆಗಬಲ್ಲವೆಂದು ಅವರು ತೋರಿಸಿ, ಹತ್ತು ಪುಟಗಳ ಲೇಖನವನ್ನು ಪ್ರಕಟಿಸಿದ್ದು ಬೆಂಗಳೂರಿನಿಂದಲೇ ಹೊರಡುವ ‘ಪ್ರಮಾಣ’ದಲ್ಲಿ. ಆಗ ಆ ಪತ್ರಿಕೆಗೆ ನಾಲ್ಕೇ ವರ್ಷ. ಶೀರ್ಷಿಕೆಯೂ ಸರಳ: ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕಗಳು. ಜಗತ್ತು ಅದನ್ನು ಹುಡುಕಿಕೊಂಡು ಬಂದು ಓದಿತು. ಕಂಪ್ಯೂಟರ್ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಾಸದಂತೆ ಮಾಡುವ ತೆಳುಪೊರೆಗಳಿಗೆ ಮುಂದೆ ಇಂಥ ಅಣುಗಳೇ ಬಳಕೆಯಾದವು.

ಪತ್ರಿಕೆಯನ್ನು ಆರಿಸುವ ಸುಲಭ ದಾರಿಯೊಂದಿದೆ. ನಿಮ್ಮ ಲೇಖನದ ಉಲ್ಲೇಖಪಟ್ಟಿಯಲ್ಲಿ ಯಾವ ಪತ್ರಿಕೆಗಳ ಹೆಸರು ಮತ್ತೆ ಮತ್ತೆ ಬಂದಿದೆಯೋ ಅವುಗಳ ಓದುಗರೇ ನಿಮ್ಮ ಓದುಗರು. ಆರಿಸಿದ ಮೇಲೆ ‘ಲೇಖಕರಿಗೆ ಸೂಚನೆ’ ಎಂಬ ಪುಟವನ್ನು ಎರಡು ಬಾರಿ ಓದಬೇಕು. ಪದಮಿತಿ, ಚಿತ್ರಗಳ ಅಳತೆ, ಉಲ್ಲೇಖ ಬರೆಯುವ ರೀತಿ ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಲೇಖನದ ಹೊಸತನವೇನೆಂದು ಸಂಪಾದಕರಿಗೆ ಕೆಲವೇ ಸಾಲುಗಳಲ್ಲಿ ತಿಳಿಸುವ ಪತ್ರವೂ ಜೊತೆಗಿರಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳಿಸುವುದು ಎಲ್ಲೂ ಒಪ್ಪಿತವಲ್ಲ.

ಲೇಖಕರ ಹೆಸರಿನ ಪ್ರಶ್ನೆಯನ್ನು ಕಳಿಸುವ ಮೊದಲೇ ಬಗೆಹರಿಸಿಕೊಳ್ಳಬೇಕು. ಕೆಲಸದಲ್ಲಿ ನಿಜವಾದ ಪಾಲಿರುವವರು, ಲೇಖನದ ಹೊಣೆ ಹೊರಬಲ್ಲವರು ಲೇಖಕರು. ದುರ್ಬೀನು ಎರವಲು ಕೊಟ್ಟವರಿಗೆ ಕೃತಜ್ಞತೆಯ ಸಾಲು ಸಲ್ಲುತ್ತದೆ.

ಇಂಗ್ಲಿಷಿನ ಹೆದರಿಕೆ

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಕಾಡುವುದು ಇಂಗ್ಲಿಷು. ಹಿರೇಹಡಗಲಿಯ ಶಾಸನವನ್ನು ಇಂಗ್ಲಿಷಿನಲ್ಲಿ ಸಂಪಾದಿಸಿದ ಬ್ಯೂಲರರ ಮಾತೃಭಾಷೆ ಜರ್ಮನ್ ಎಂಬುದನ್ನು ಅಂಥವರು ನೆನೆಯಬಹುದು. ವಿಜ್ಞಾನ ಲೇಖನಕ್ಕೆ ಬೇಕಾದದ್ದು ಚಿಕ್ಕ, ನೇರ ವಾಕ್ಯಗಳು. ವಾದವನ್ನು ಮೊದಲು ಕನ್ನಡದಲ್ಲೇ ಒಂದು ಪುಟ ಬರೆದುಕೊಂಡರೆ ತಲೆಯೊಳಗಿನ ಗೋಜಲು ಎಷ್ಟೋ ಬಿಡಿಸಿಕೊಳ್ಳುತ್ತದೆ. ಇತರರ ಲೇಖನದಿಂದ ವಾಕ್ಯಗಳನ್ನು ಎತ್ತಿ ಜೋಡಿಸುವುದು ಮಾತ್ರ ಕೂಡದು. ಯುಜಿಸಿ 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಗಳನ್ನೇ ತಂದಿದೆ. ಭಾಷೆ ತಿದ್ದಲು ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಪತ್ರಿಕೆಯ ನಿಯಮದಂತೆ ಅದನ್ನು ತಿಳಿಸಬೇಕು. ಲೇಖನದ ಹೊಣೆ ಯಂತ್ರದ್ದಲ್ಲ, ಹೆಸರು ಹಾಕಿದವರದು.

ಕಳಿಸಿದ ಮೇಲೆ

ಸಂಪಾದಕರಿಗೆ ಒಪ್ಪಿಗೆಯಾದರೆ ಲೇಖನ ಸಾಮಾನ್ಯವಾಗಿ ಇಬ್ಬರು ಮೂವರು ತಜ್ಞರ ಕೈಗೆ ಹೋಗುತ್ತದೆ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ತಿದ್ದದೆ ಸ್ವೀಕೃತವಾಗುವ ಲೇಖನಗಳು ಅಪರೂಪ. ತಜ್ಞರ ಒಂದೊಂದು ಪ್ರಶ್ನೆಗೂ ಸಂಖ್ಯೆ ಹಾಕಿ, ಏನು ತಿದ್ದಿದೆವು, ಏನನ್ನು ಏಕೆ ತಿದ್ದಲಿಲ್ಲ ಎಂದು ಸೌಜನ್ಯದಿಂದ ಬರೆಯಬೇಕು. ಮರಳಿ ಬಂದ ಲೇಖನ ಕೆಟ್ಟ ಲೇಖನವೆಂದೇ ಅರ್ಥವಲ್ಲ. ಟೀಕೆಗಳನ್ನು ಬಳಸಿ ತಿದ್ದಿ ಮತ್ತೊಂದು ಪತ್ರಿಕೆಗೆ ಕಳಿಸುವುದು ವಾಡಿಕೆ.

ಪ್ರಕಟವಾದ ಮೇಲೂ ತಾಳ್ಮೆ ಬೇಕಾಗಬಹುದು. ರಾಮನ್ ಸಂಶೋಧನಾ ಸಂಸ್ಥೆಯ ತರುಣ ಎಸ್. ಪಂಚರತ್ನಂ 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ಧ್ರುವೀಕೃತ ಬೆಳಕಿನ ಬಗ್ಗೆ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಲೇಖನ ಬರೆದರು. 1969ರಲ್ಲಿ ಅವರು ತೀರಿಕೊಂಡಾಗ ಅದರ ಮಹತ್ವ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಬ್ರಿಟನ್ನಿನ ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಂ ಭೌತಶಾಸ್ತ್ರದಲ್ಲಿ ಅಂಥದೇ ವಿಚಾರವನ್ನು ಮಂಡಿಸಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ‘ಕರೆಂಟ್ ಸೈನ್ಸ್’ನಲ್ಲಿ ಪಂಚರತ್ನಂ ಅವರ ಹಳೆಯ ಲೇಖನವನ್ನು ನೆನಪಿಸಿದರು. ಬೆರಿ ಮರುವರ್ಷವೇ ಅದರ ಹಿರಿಮೆಯನ್ನು ಬರೆದು ಒಪ್ಪಿಕೊಂಡರು. ಇಂದು ಅದು ‘ಪಂಚರತ್ನಂ ಫೇಸ್’. 30 ವರ್ಷದ ನಂತರ ತೆರೆದವರಿಗೂ ಅರ್ಥವಾಗುವಂತೆ ಎಲ್ಲವೂ ಆ ಪುಟಗಳಲ್ಲಿತ್ತು.

ಪಾಲಕರಿಗೆ ಎರಡು ಮಾತು

ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸಿ, ಪ್ರಮಾಣಪತ್ರವನ್ನೂ ಕೊಡುವ ನಕಲಿ ಪತ್ರಿಕೆಗಳ ಹಾವಳಿ ಈಗ ಬಹಳ. ಎಲ್ಲರಿಗೂ ಉಚಿತವಾಗಿ ಓದಲು ಬಿಡುವ ಕೆಲವು ಒಳ್ಳೆಯ ಪತ್ರಿಕೆಗಳೂ ಶುಲ್ಕ ಪಡೆಯುವುದುಂಟು. ಆದರೆ ಪರಿಶೀಲನೆಯೇ ಇಲ್ಲದೆ ಸ್ವೀಕರಿಸುವ ಭರವಸೆ ಕೊಟ್ಟರೆ ಅದು ಬಲೆ. ಯುಜಿಸಿ ತನ್ನ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಪತ್ರಿಕೆಯನ್ನು ತೂಗಿನೋಡುವ ಹೊಣೆ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ಮೇಲೆ ಹೆಚ್ಚಾಗಿ ಬಿದ್ದಿದೆ. ಪಿಎಚ್.ಡಿ. ಪ್ರಬಂಧಕ್ಕೆ ಮೊದಲು ಲೇಖನ ಪ್ರಕಟಿಸಲೇಬೇಕೆಂಬ ಷರತ್ತನ್ನು ಯುಜಿಸಿ 2022ರ ನಿಯಮಗಳಲ್ಲಿ ತೆಗೆದುಹಾಕಿದೆ. ಆಯಾ ವಿಶ್ವವಿದ್ಯಾಲಯದ ನಿಯಮವನ್ನು ಕೇಳಿ ತಿಳಿದುಕೊಳ್ಳಬೇಕು. ಗಾಬರಿಯಿಂದ ಸಾಲ ಮಾಡಿ ಹಣ ಸುರಿಯುವ ಅಗತ್ಯವಿಲ್ಲ.

ಮಗ ಅಥವಾ ಮಗಳು ಪ್ರಾಜೆಕ್ಟ್ ಮುಗಿಸಿ ಊರಿಗೆ ಬಂದಾಗ ಎಷ್ಟು ಲೇಖನ ಬಂತು ಎಂದು ಕೇಳುವುದಕ್ಕಿಂತ ಏನು ಕಂಡುಕೊಂಡೆ, ಅದು ನಿಜವೆಂದು ಹೇಗೆ ಗೊತ್ತು ಎಂದು ಕೇಳುವುದು ಮೇಲು. ಜಗಲಿಯ ಮೇಲೆ ಕೂತ ತಾಯಿ ತಂದೆಗೆ ಅದನ್ನು ಕನ್ನಡದಲ್ಲಿ ತಿಳಿಯುವಂತೆ ಹೇಳಬಲ್ಲ ಹುಡುಗಿಯ ಹಸ್ತಪ್ರತಿ ಅರ್ಧ ಸಿದ್ಧವಾದಂತೆಯೇ. ಉಳಿದರ್ಧಕ್ಕೆ ಬೇಕಾದದ್ದು ಅವಳ ಟಿಪ್ಪಣಿ ಪುಸ್ತಕ ಮತ್ತು ಸ್ವಲ್ಪ ತಾಳ್ಮೆ.